ಸೀರೆಯ ಬಣ್ಣ ತೆರೆಯಿಂದ ತೆರೆಗೆ ಏಕೆ ಬದಲಾಗುತ್ತದೆ?

ರಬಕವಿ-ಬನಹಟ್ಟಿ: ಮಗ್ಗದಿಂದ ಇಳಿದ ಸೀರೆ ಗ್ರಾಹಕಿಯ ಕೈ ಸೇರುವ ಮೊದಲೇ ಅದರ ಚಿತ್ರ ಊರೂರು ಸುತ್ತಿ ಬರುವ ಕಾಲವಿದು. ಬಾಗಲಕೋಟೆ ಜಿಲ್ಲೆಯ ಈ ಅವಳಿ ಪಟ್ಟಣದ ವಿದ್ಯುತ್ ಮಗ್ಗಗಳಲ್ಲಿ ನೇಯ್ದ ಸೀರೆಯ ಫೋಟೊವನ್ನು ಯಾರೋ ಮೊಬೈಲ್‌ನಲ್ಲಿ ತೆಗೆಯುತ್ತಾರೆ. ಜಮಖಂಡಿಯ ಡಿಟಿಪಿ ಕೇಂದ್ರವೊಂದರ ವಿಂಡೋಸ್ ಗಣಕದಲ್ಲಿ ಅದಕ್ಕೆ ಕತ್ತರಿ ಬೀಳುತ್ತದೆ. ಹುಬ್ಬಳ್ಳಿಯ ಅಥವಾ ಬೆಂಗಳೂರಿನ ವಿನ್ಯಾಸಕಾರರ ಮ್ಯಾಕ್ ಗಣಕದಲ್ಲಿ ಅದು ಕ್ಯಾಟಲಾಗಿನ ಪುಟವಾಗುತ್ತದೆ. ಆಫ್‌ಸೆಟ್ ಯಂತ್ರದಲ್ಲಿ ಅಚ್ಚಾಗಿ ಅಂಗಡಿಗಳಿಗೆ ತಲುಪುತ್ತದೆ. ಅದೇ ಚಿತ್ರ ಮೊಬೈಲಿನಿಂದ ಮೊಬೈಲಿಗೂ ಹಾರುತ್ತದೆ. ಈ ದಾರಿಯ ಪ್ರತಿಯೊಂದು ನಿಲ್ದಾಣದಲ್ಲಿಯೂ ಸೆರಗಿನ ದಾಳಿಂಬೆ ಕೆಂಪು ಒಂದಿಷ್ಟು ಬದಲಾಗುತ್ತದೆ. ಕೊನೆಗೆ ಸೀರೆ ಕೈಗೆ ಬಂದಾಗ "ನಾವು ಕೇಳಿದ್ದು ಈ ಬಣ್ಣವಲ್ಲ" ಎಂಬ ಮಾತು ಕೇಳಿಬರುತ್ತದೆ.

ಮಾಲು ಹಿಂದಕ್ಕೆ ಬಂದರೆ ನಷ್ಟ ಯಾರದು? ನೂಲಿಗೆ ಬಣ್ಣ ಹಾಕಿದವರ ತಪ್ಪಿಲ್ಲ, ನೇಯ್ದವರ ತಪ್ಪಂತೂ ಇಲ್ಲವೇ ಇಲ್ಲ. ಆದರೂ ವಾಪಸಾದ ಸೀರೆಗಳ ಹೊರೆ ಅಂತಿಮವಾಗಿ ಮಗ್ಗದ ಮನೆಯ ಕಡೆಗೇ ವಾಲುವುದು ಸಹಜ. ಆದುದರಿಂದ ಮುದ್ರಣ ಮತ್ತು ಪ್ರಕಾಶನ ಲೋಕದಲ್ಲಿ 'ವರ್ಣ ನಿರ್ವಹಣೆ' ಎಂದು ಕರೆಯಲಾಗುವ ಶಾಸ್ತ್ರ ಮಹಾನಗರದ ಜಾಹೀರಾತು ಸಂಸ್ಥೆಗಳಿಗಷ್ಟೇ ಸಂಬಂಧಿಸಿದ ಸಂಗತಿಯಾಗಿ ಉಳಿದಿಲ್ಲ.

ಮೊಳದ ಲೆಕ್ಕ, ಮೀಟರಿನ ಲೆಕ್ಕ

ಗಣಕಕ್ಕೆ ಬಣ್ಣ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ತೆರೆಯ ಪ್ರತಿಯೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಿರುತ್ತವೆ. ಸಾಮಾನ್ಯವಾಗಿ ಇವು ಸೊನ್ನೆಯಿಂದ 255ರವರೆಗಿನವು. ಕೆಂಪು 200, ಹಸಿರು 30, ನೀಲಿ 50 ಎಂದು ಕಡತದಲ್ಲಿ ಬರೆದಿದ್ದರೆ ಯಾವ ಗಣಕದಲ್ಲಿ ತೆರೆದರೂ ಅದೇ ಸಂಖ್ಯೆ ಸಿಗುತ್ತದೆ. ಆದರೆ 'ಕೆಂಪು 200' ಎಂದರೆ ಎಂಥ ಕೆಂಪು, ಎಷ್ಟು ಬೆಳಕು ಎಂಬುದನ್ನು ನಿರ್ಧರಿಸುವುದು ಆಯಾ ತೆರೆ. ಹತ್ತು ವರ್ಷ ಹಳೆಯ ಮಾನಿಟರಿನ ಕೆಂಪು ಬೇರೆ, ಹೊಸ ಮೊಬೈಲಿನ ಆಮೊಲೆಡ್ ತೆರೆಯ ಕಣ್ಣು ಕುಕ್ಕುವ ಕೆಂಪು ಬೇರೆ.

ನೇಕಾರರ ಊರಿನಲ್ಲಿ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಮೊಳದಿಂದ ಬಟ್ಟೆ ಅಳೆಯುತ್ತಿದ್ದ ಕಾಲದಲ್ಲಿ 'ಹತ್ತು ಮೊಳ' ಎಂಬ ಮಾತು ಎಲ್ಲರ ಬಾಯಲ್ಲಿಯೂ ಒಂದೇ. ಆದರೆ ಅಳೆಯುವವನ ತೋಳು ಉದ್ದವಿದ್ದರೆ ಬಟ್ಟೆ ಹೆಚ್ಚು, ಗಿಡ್ಡವಿದ್ದರೆ ಕಡಿಮೆ. ತೆರೆಯ ಮೂರು ಸಂಖ್ಯೆಗಳೂ ಮೊಳದ ಲೆಕ್ಕವೇ. ಮೀಟರಿನಂತೆ ಯಾರ ತೋಳಿಗೂ ಜೋತುಬೀಳದ ಅಳತೆಯೊಂದು ಬಣ್ಣಕ್ಕೂ ಬೇಕಿತ್ತು.

ಅಂಥ ಅಳತೆ ಗಣಕಯುಗಕ್ಕಿಂತ ಬಹಳ ಮೊದಲೇ ಸಿದ್ಧವಾಗಿತ್ತು ಎಂಬುದು ಗಮನಾರ್ಹ. 1920ರ ದಶಕದಲ್ಲಿ ಬ್ರಿಟನ್ನಿನ ಡೇವಿಡ್ ರೈಟ್ ಮತ್ತು ಜಾನ್ ಗಿಲ್ಡ್ ಎಂಬಿಬ್ಬರು ವಿಜ್ಞಾನಿಗಳು ಬೇರೆಬೇರೆಯಾಗಿ ಪ್ರಯೋಗ ನಡೆಸಿದರು. ಒಂದು ಬಣ್ಣದ ಬೆಳಕನ್ನು ತೋರಿಸಿ, ಕೆಂಪು-ಹಸಿರು-ನೀಲಿ ಬೆಳಕುಗಳನ್ನು ಎಷ್ಟೆಷ್ಟು ಬೆರೆಸಿದರೆ ಅದೇ ಬಣ್ಣ ಕಾಣುತ್ತದೆ ಎಂದು ನೋಡುಗರಿಂದ ಹೇಳಿಸಿದರು. ರೈಟ್ ಬಳಿ ಹತ್ತು ಮಂದಿ ನೋಡುಗರಿದ್ದರು, ಗಿಲ್ಡ್ ಬಳಿ ಏಳು ಮಂದಿ. ಆ ಹದಿನೇಳು ಜೋಡಿ ಕಣ್ಣುಗಳ ಸಾಕ್ಷ್ಯದ ಮೇಲೆ ಅಂತರರಾಷ್ಟ್ರೀಯ ಪ್ರಕಾಶ ಆಯೋಗವಾದ ಸಿಐಇ 1931ರಲ್ಲಿ 'ಪ್ರಮಾಣ ನೋಡುಗ'ನನ್ನು ರೂಪಿಸಿತು. ಇಂದಿಗೂ ಜಗತ್ತಿನ ಬಹುಪಾಲು ವರ್ಣಮಾಪನ ಅದೇ ತಳಹದಿಯ ಮೇಲೆ ನಿಂತಿದೆ. 1976ರಲ್ಲಿ ಇದರಿಂದಲೇ 'ಲ್ಯಾಬ್' ಎಂಬ ಇನ್ನೊಂದು ಕ್ರಮ ಹುಟ್ಟಿತು. ಅದರಲ್ಲಿ ಒಂದು ಸಂಖ್ಯೆ ಬೆಳಕಿನ ಮಟ್ಟವನ್ನೂ, ಎರಡನೆಯದು ಹಸಿರಿನಿಂದ ಕೆಂಪಿನ ಕಡೆಗಿನ ವಾಲಿಕೆಯನ್ನೂ, ಮೂರನೆಯದು ನೀಲಿಯಿಂದ ಹಳದಿಯ ಕಡೆಗಿನ ವಾಲಿಕೆಯನ್ನೂ ಹೇಳುತ್ತವೆ. ಈ ಕ್ರಮದಲ್ಲಿ ಎರಡು ಬಣ್ಣಗಳ ನಡುವಿನ ದೂರವನ್ನು 'ಡೆಲ್ಟಾ ಇ' ಎನ್ನುತ್ತಾರೆ. ದೂರ ಸುಮಾರು ಒಂದಾದರೆ ಸೂಕ್ಷ್ಮ ಕಣ್ಣಿಗೆ ವ್ಯತ್ಯಾಸ ಆಗಷ್ಟೇ ಕಾಣತೊಡಗುತ್ತದೆ. ಆಫ್‌ಸೆಟ್ ಮುದ್ರಣದ ಅಂತರರಾಷ್ಟ್ರೀಯ ಮಾನಕ ಮೂಲವರ್ಣಗಳ ಗಾಢ ಪಟ್ಟಿಗಳಲ್ಲಿ ಐದರವರೆಗಿನ ದೂರವನ್ನು ಸಹಿಸಿಕೊಳ್ಳುತ್ತದೆ.

ನುಡಿ ಫಾಂಟಿನ ಪಾಠ

ಕನ್ನಡದಲ್ಲಿ ಡಿಟಿಪಿ ಮಾಡುವವರಿಗೆ ಈ ಸಮಸ್ಯೆ ಬೇರೊಂದು ವೇಷದಲ್ಲಿ ಚಿರಪರಿಚಿತ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳಲ್ಲಿ ಟೈಪಿಸಿದ ಕಡತವನ್ನು ಸರಿಯಾದ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಕಡತದ ಸಂಖ್ಯೆಗಳು ಹಾಗೆಯೇ ಇರುತ್ತಿದ್ದವು. ಆ ಸಂಖ್ಯೆ ಯಾವ ಅಕ್ಷರವನ್ನು ಸೂಚಿಸುತ್ತದೆ ಎಂಬ ಒಪ್ಪಂದ ಮಾತ್ರ ಆ ಗಣಕದಲ್ಲಿ ಇರುತ್ತಿರಲಿಲ್ಲ.

ಬಣ್ಣದಲ್ಲಿಯೂ ಆಗುವುದು ಇದೇ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಅಕ್ಷರ ಕೆಟ್ಟರೆ ಕೂಡಲೇ ತಿಳಿಯುತ್ತದೆ, ಯಾರೂ ಅದನ್ನು ಮುದ್ರಣಕ್ಕೆ ಕಳುಹಿಸುವುದಿಲ್ಲ. ಬಣ್ಣ ಕೆಟ್ಟರೆ ತಿಳಿಯುವುದಿಲ್ಲ. ಗಿಳಿಹಸಿರು ಎಲೆಹಸಿರಾದರೂ ಅದು ನೋಡಲು ಸಭ್ಯವಾದ ಹಸಿರೇ ಆಗಿರುತ್ತದೆ. ಮೂಲ ಸೀರೆಯನ್ನು ಕಾಣದ ವಿನ್ಯಾಸಕಾರನಿಗೆ ಅನುಮಾನ ಹುಟ್ಟಲು ಕಾರಣವೇ ಇರುವುದಿಲ್ಲ.

ಮ್ಯಾಕ್ ಮತ್ತು ವಿಂಡೋಸ್ ನಡುವಿನ ಹಳೆಯ ತಕರಾರು

ಪ್ರಕಾಶನ ಕ್ಷೇತ್ರದಲ್ಲಿ ಈ ಗೊಂದಲ ಬಹುಕಾಲ ಎರಡು ಗಣಕಕುಲಗಳ ಜಗಳವಾಗಿಯೇ ನಡೆಯಿತು. ತೆರೆಯ ಮೇಲೆ ಸಂಖ್ಯೆ ಏರಿದಂತೆ ಬೆಳಕು ಯಾವ ಪ್ರಮಾಣದಲ್ಲಿ ಏರುತ್ತದೆ ಎಂಬುದನ್ನು ಸೂಚಿಸುವ ಅಂಕಿಗೆ 'ಗಾಮಾ' ಎಂದು ಹೆಸರು. ಆಪಲ್ ಸಂಸ್ಥೆ ಮುದ್ರಣದ ಕೆಲಸವನ್ನು ಗಮನದಲ್ಲಿಟ್ಟುಕೊಂಡು ತನ್ನ ಮ್ಯಾಕ್ ಗಣಕಗಳಿಗೆ 1.8 ಗಾಮಾ ಆರಿಸಿಕೊಂಡಿತು. ವಿಂಡೋಸ್ ಲೋಕದಲ್ಲಿ ಟಿವಿ ಕೊಳವೆಗಳ ಸ್ವಭಾವಕ್ಕೆ ಹತ್ತಿರವಾದ 2.2 ರೂಢಿಯಲ್ಲಿತ್ತು.

ಇದರ ಪರಿಣಾಮ ಸಣ್ಣದಲ್ಲ. ನಟ್ಟನಡುವಿನ ಬೂದು, ಅಂದರೆ 128 ಎಂಬ ಸಂಖ್ಯೆ, ಮ್ಯಾಕ್ ತೆರೆಯ ಮೇಲೆ ಗರಿಷ್ಠ ಬೆಳಕಿನ ಸುಮಾರು ಶೇ 29ರಷ್ಟು ಬೆಳಗಿದರೆ ವಿಂಡೋಸ್ ತೆರೆಯ ಮೇಲೆ ಶೇ 22ರಷ್ಟು ಮಾತ್ರ ಬೆಳಗುತ್ತಿತ್ತು. ಮ್ಯಾಕ್‌ನಲ್ಲಿ ಚೆನ್ನಾಗಿ ಕಂಡ ಮುಖ ವಿಂಡೋಸ್‌ನಲ್ಲಿ ಕಪ್ಪಿಟ್ಟು ಕಾಣುತ್ತಿದ್ದುದಕ್ಕೂ, ವಿಂಡೋಸ್‌ನಲ್ಲಿ ಸಿದ್ಧಪಡಿಸಿದ ಚಿತ್ರ ಮ್ಯಾಕ್‌ನಲ್ಲಿ ತೊಳೆದಂತೆ ಪೇಲವವಾಗಿ ಕಾಣುತ್ತಿದ್ದುದಕ್ಕೂ ಇದೇ ಕಾರಣ. 2009ರಲ್ಲಿ ಬಿಡುಗಡೆಯಾದ 'ಸ್ನೋ ಲೆಪರ್ಡ್' ಆವೃತ್ತಿಯೊಂದಿಗೆ ಆಪಲ್ ಕೂಡ 2.2ಕ್ಕೆ ಬದಲಾಯಿತು. ಆ ಒಂದು ತಕರಾರು ಅಲ್ಲಿಗೆ ಮುಗಿಯಿತು. ಆದರೂ 'ಮ್ಯಾಕ್‌ನಲ್ಲಿ ಬಣ್ಣ ಬೇರೆ ಬರುತ್ತದೆ' ಎಂಬ ನಂಬಿಕೆ ಮುದ್ರಣಾಲಯಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಗಾಮಾ ಒಂದನ್ನು ಸರಿಪಡಿಸಿದರೆ ಸಾಲದೆಂದು ಉದ್ಯಮಕ್ಕೆ ಅದಕ್ಕೂ ಮೊದಲೇ ಅರಿವಾಗಿತ್ತು. 1993ರಲ್ಲಿ ಆಪಲ್ ತನ್ನ 'ಕಲರ್‌ಸಿಂಕ್' ವ್ಯವಸ್ಥೆಯನ್ನು ಹೊರತಂದಿತು. ಅದೇ ವರ್ಷ ಅಡೋಬಿ, ಆಗ್ಫಾ, ಆಪಲ್, ಕೊಡಾಕ್, ಮೈಕ್ರೋಸಾಫ್ಟ್, ಸಿಲಿಕಾನ್ ಗ್ರಾಫಿಕ್ಸ್, ಸನ್ ಮೈಕ್ರೋಸಿಸ್ಟಮ್ಸ್ ಮತ್ತು ಟ್ಯಾಲಿಜೆಂಟ್ ಎಂಬ ಎಂಟು ಸಂಸ್ಥೆಗಳು ಸೇರಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವನ್ನು ಕಟ್ಟಿದವು. ಅದರ ಇಂಗ್ಲಿಷ್ ಹೆಸರಿನ ಹ್ರಸ್ವರೂಪವೇ ಐಸಿಸಿ. ಮಾರುಕಟ್ಟೆಯಲ್ಲಿ ಪರಸ್ಪರ ಹಲ್ಲು ಮಸೆಯುತ್ತಿದ್ದ ಸಂಸ್ಥೆಗಳು ಒಂದೇ ಪಂಕ್ತಿಯಲ್ಲಿ ಕುಳಿತದ್ದು ಬಣ್ಣದ ವಿಷಯದಲ್ಲಿ ಎಂಬುದು ಸ್ವಾರಸ್ಯಕರ.

ಪ್ರೊಫೈಲ್ ಎಂಬ ಗುರುತುಚೀಟಿ

ಐಸಿಸಿಯ ಉಪಾಯ ಸರಳವಾದುದು. ಕ್ಯಾಮೆರಾ, ಸ್ಕ್ಯಾನರ್, ಮಾನಿಟರ್, ಮುದ್ರಣಯಂತ್ರ ಹೀಗೆ ಪ್ರತಿಯೊಂದು ಸಾಧನಕ್ಕೂ ಒಂದು ಗುರುತುಚೀಟಿ. ಅದನ್ನು 'ಪ್ರೊಫೈಲ್' ಎನ್ನುತ್ತಾರೆ. ಈ ಸಾಧನದಲ್ಲಿ ಇಂಥ ಸಂಖ್ಯೆ ಕೊಟ್ಟರೆ ಲ್ಯಾಬ್ ಲೆಕ್ಕದಲ್ಲಿ ಇಂಥ ಬಣ್ಣ ಬರುತ್ತದೆ ಎಂಬ ಕೋಷ್ಟಕ ಅದರಲ್ಲಿರುತ್ತದೆ. ಚಿತ್ರದ ಕಡತದೊಳಗೇ ಈ ಚೀಟಿಯನ್ನು ಹುದುಗಿಸಿ ಕಳುಹಿಸಬಹುದು. ಪಡೆದ ಗಣಕ ಆ ಚೀಟಿಯನ್ನು ಓದಿ ಸಂಖ್ಯೆಗಳನ್ನು ಮೊದಲು ಲ್ಯಾಬ್‌ಗೆ, ಅಲ್ಲಿಂದ ತನ್ನ ತೆರೆಯ ಸಂಖ್ಯೆಗಳಿಗೆ ಬದಲಾಯಿಸಿಕೊಳ್ಳುತ್ತದೆ. ಮೊಳವನ್ನು ಮೀಟರಿಗೆ, ಮೀಟರನ್ನು ಇನ್ನೊಬ್ಬರ ಮೊಳಕ್ಕೆ ಪರಿವರ್ತಿಸಿದಂತೆ. ಸಂಖ್ಯೆ ಬದಲಾಗುತ್ತದೆ, ಬಣ್ಣ ಉಳಿಯುತ್ತದೆ.

ಚೀಟಿ ಇಲ್ಲದ ಚಿತ್ರಗಳ ಗತಿಯೇನು? ಅದಕ್ಕೆಂದೇ ಹ್ಯೂಲೆಟ್-ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ 'ಎಸ್‌ಆರ್‌ಜಿಬಿ' ಎಂಬ ಸಾಮಾನ್ಯ ವರ್ಣವಲಯವನ್ನು ಸೂಚಿಸಿದವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಏನನ್ನೂ ಹೇಳದ ಚಿತ್ರವನ್ನು ಎಸ್‌ಆರ್‌ಜಿಬಿ ಎಂದೇ ಭಾವಿಸುವುದು ಇಂದಿನ ರೂಢಿ. ಅಡೋಬಿ ಆರ್‌ಜಿಬಿ ಎಂಬುದು ಇದಕ್ಕಿಂತ ವಿಶಾಲವಾದ ವಲಯ. ಆ ವಲಯದಲ್ಲಿ ತೆಗೆದ ಚಿತ್ರದ ಚೀಟಿ ದಾರಿಯಲ್ಲಿ ಕಳಚಿಬಿದ್ದರೆ ಸೀರೆ ಮಂಕಾಗಿ ಕಾಣುತ್ತದೆ. ಚಿತ್ರವನ್ನು ಕುಗ್ಗಿಸಿ ಕಳುಹಿಸುವ ಸಂದೇಶ ಸೇವೆಗಳ ಮೂಲಕ ಹಾಯುವಾಗ ಇಂಥ ಅಪಾಯ ಹೆಚ್ಚು.

ಎಲ್ಲ ತಂತ್ರಾಂಶಗಳೂ ಚೀಟಿಯನ್ನು ಓದುತ್ತವೆ ಎಂಬ ಭರವಸೆಯೂ ಇಲ್ಲ. ಫೈರ್‌ಫಾಕ್ಸ್ ಬ್ರೌಸರ್ 2009ರ 3.5 ಆವೃತ್ತಿಯಿಂದ ಪ್ರೊಫೈಲ್ ಇರುವ ಚಿತ್ರಗಳನ್ನು ತಾನಾಗಿಯೇ ಗೌರವಿಸತೊಡಗಿತು. ಆಂಡ್ರಾಯ್ಡ್ ಮೊಬೈಲ್‌ಗಳಿಗೆ ವರ್ಣ ನಿರ್ವಹಣೆ ಬಂದದ್ದು 2017ರ ಓರಿಯೊ ಆವೃತ್ತಿಯಲ್ಲಿ. ಇಷ್ಟಾದರೂ ಅನೇಕ ಮೊಬೈಲ್‌ಗಳು ಅಂಗಡಿಯಿಂದ ಬರುವಾಗಲೇ 'ವಿವಿಡ್' ಎಂಬ ರಂಗುರಂಗಿನ ಸ್ಥಿತಿಯಲ್ಲಿರುತ್ತವೆ. ಗ್ರಾಹಕಿ ನೋಡುವ ಸೀರೆ ಇರುವುದಕ್ಕಿಂತ ಹೊಳಪಾಗಿ ಕಾಣಲು ಅದೊಂದೇ ಸಾಕು.

ಕಾಗದಕ್ಕೆ ನಿಲುಕದ ಬಣ್ಣಗಳು

ಮಾನಿಟರುಗಳನ್ನೆಲ್ಲ ಹೊಂದಿಸಿದರೂ ಮುದ್ರಣದಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ತೆರೆ ಬೆಳಕನ್ನು ಸೂಸುತ್ತದೆ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ ಅಷ್ಟೆ. ತಿಳಿನೀಲಿ, ಕೆನ್ನೇರಳೆ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಮಿಶ್ರಣದಿಂದ ತೆರೆಯ ಎಲ್ಲ ಬಣ್ಣಗಳನ್ನೂ ತರಲಾಗದು. ರಾಣಿ ಬಣ್ಣ ಎಂದು ಕರೆಯುವ ಉಜ್ವಲ ಗುಲಾಬಿ, ಗಿಳಿಹಸಿರು, ನವಿಲಿನ ಕೊರಳಿನ ನೀಲಿ ಇವೆಲ್ಲ ಶಾಯಿಯ ಎಲ್ಲೆಯನ್ನು ದಾಟುವ ಬಣ್ಣಗಳು. ನೇಕಾರಿಕೆಯ ಪೇಟೆಯಲ್ಲಿ ಹೆಚ್ಚು ಬೇಡಿಕೆಯಿರುವುದು ಇಂಥವಕ್ಕೇ ಎಂಬುದು ಮುದ್ರಕರ ದುರದೃಷ್ಟ.

ಎಲ್ಲೆ ಮೀರಿದ ಬಣ್ಣವನ್ನು ಏನು ಮಾಡಬೇಕೆಂಬುದಕ್ಕೆ ಐಸಿಸಿ ವ್ಯವಸ್ಥೆಯಲ್ಲಿ ನಾಲ್ಕು ಮಾರ್ಗಗಳಿವೆ. ಬಳಕೆಯಲ್ಲಿ ಎರಡು ಮುಖ್ಯ. ಎಲ್ಲ ಬಣ್ಣಗಳನ್ನೂ ಪರಸ್ಪರ ಸಂಬಂಧ ಕೆಡದಂತೆ ಸ್ವಲ್ಪ ಸ್ವಲ್ಪ ಒಳಕ್ಕೆ ಒತ್ತರಿಸುವುದು ಒಂದು. ಎಲ್ಲೆಯೊಳಗಿನವನ್ನು ಮುಟ್ಟದೆ, ಹೊರಗಿನವನ್ನು ಮಾತ್ರ ಅಂಚಿಗೆ ತಂದು ನಿಲ್ಲಿಸುವುದು ಇನ್ನೊಂದು. ಮೊದಲನೆಯದು ಸೀರೆಯ ಮಡಿಕೆಗಳ ನೆರಳು-ಬೆಳಕನ್ನು ಉಳಿಸುತ್ತದೆ. ಎರಡನೆಯದು ಸಂಸ್ಥೆಯ ಲಾಂಛನದಂಥ ಕಟ್ಟುನಿಟ್ಟಿನ ಬಣ್ಣಗಳಿಗೆ ಸೂಕ್ತ. ಈ ಆಯ್ಕೆಯನ್ನು ತಂತ್ರಾಂಶಕ್ಕೆ ಬಿಟ್ಟುಬಿಡುವುದೇ ಹೆಚ್ಚಿನ ಕಡೆ ನಡೆಯುವ ಪದ್ಧತಿ.

ದಿನಪತ್ರಿಕೆಯ ಕಾಗದದ ಪಾಡು ಇನ್ನೂ ಕಠಿಣ. ಅದು ಬಿಳಿಯಲ್ಲ, ಹಳದಿ ಮಿಶ್ರಿತ ಬೂದು. ಶಾಯಿಯನ್ನು ಹೀರಿ ಚುಕ್ಕೆಗಳನ್ನು ಹಿಗ್ಗಿಸುತ್ತದೆ. ಹೊಳಪು ಕಾಗದದಲ್ಲಿ ನಾಲ್ಕೂ ಶಾಯಿಗಳ ಒಟ್ಟು ಪ್ರಮಾಣ ಶೇ 300ರ ಆಸುಪಾಸಿಗೆ ಹೋಗಬಹುದಾದರೆ ಪತ್ರಿಕಾ ಕಾಗದದಲ್ಲಿ ಶೇ 240 ದಾಟಿದರೆ ಹಿಂಬದಿಯ ಪುಟಕ್ಕೆ ಕಲೆ ಹತ್ತುತ್ತದೆ. ಕ್ಯಾಟಲಾಗಿಗೆಂದು ಸಿದ್ಧಪಡಿಸಿದ ಪುಟವನ್ನೇ ಪತ್ರಿಕೆಗೆ ಜಾಹೀರಾತಾಗಿ ಕಳುಹಿಸಿದಾಗ ಕಡುಗೆಂಪು ಸೆರಗು ಕಂದು ಮುದ್ದೆಯಾಗುವುದು ಹೀಗೆ. ನವೆಂಬರ್ 1ರಂದು ಒಂದೇ ವೃತ್ತದ ಸುತ್ತ ಕಟ್ಟಿದ ನಾಲ್ಕು ಶುಭಾಶಯ ಫಲಕಗಳಲ್ಲಿ ನಾಲ್ಕು ಬಗೆಯ ಅರಿಶಿನ ಕಾಣುವುದಕ್ಕೂ ಕಾರಣ ಬೇರೆಯಲ್ಲ: ಒಂದೇ ಕಡತ, ನಾಲ್ಕು ಯಂತ್ರ, ಪ್ರೊಫೈಲ್ ಯಾವುದಕ್ಕೂ ಇಲ್ಲ.

ಪಕ್ಕದಲ್ಲೇ ಇರುವ ಮಾದರಿ

ಬಣ್ಣವನ್ನು ಹೆಸರಿನಿಂದಲ್ಲ, ಅಳತೆಯಿಂದ ಗುರುತಿಸಬೇಕೆಂಬುದಕ್ಕೆ ಇದೇ ಜಿಲ್ಲೆಯಲ್ಲಿ ಉಜ್ವಲ ಉದಾಹರಣೆಯಿದೆ. ರಾಷ್ಟ್ರಧ್ವಜದ ಖಾದಿ ಬಟ್ಟೆ ಬಾಗಲಕೋಟೆ ಬಳಿಯ ತುಳಸಿಗೇರಿಯ ಕೈಮಗ್ಗಗಳಲ್ಲಿ ನೇಯ್ಗೆಯಾಗುತ್ತದೆ. ಅದಕ್ಕೆ ಬಣ್ಣ ಹಾಕಿ, ಚಕ್ರ ಮುದ್ರಿಸಿ, ಧ್ವಜವಾಗಿ ಹೊಲಿಯುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. ಸಂಘ ಸ್ಥಾಪನೆಯಾದದ್ದು 1957ರ ನವೆಂಬರ್‌ನಲ್ಲಿ.

ಧ್ವಜಕ್ಕೆ ಅನ್ವಯಿಸುವ ಭಾರತೀಯ ಮಾನಕದ ಸಂಖ್ಯೆಯೇ ಒಂದು. ಅದರಲ್ಲಿ ಕೇಸರಿ ಎಂದರೆ 'ಕೇಸರಿ ಹೂವಿನಂಥ ಬಣ್ಣ' ಎಂಬ ವರ್ಣನೆಯಿಲ್ಲ. 1931ರ ಸಿಐಇ ಕ್ರಮದಂತೆ 0.538 ಮತ್ತು 0.360 ಎಂಬ ವರ್ಣಾಂಕಗಳೂ 21.5 ಎಂಬ ಪ್ರಕಾಶದ ಅಂಕಿಯೂ ಇವೆ. ಹಸಿರಿಗೆ 0.288, 0.395 ಮತ್ತು 8.9. ಯಾರ ಕಣ್ಣಿನ ಅಂದಾಜಿಗೂ ಇಲ್ಲಿ ಅವಕಾಶವಿಲ್ಲ. ಧ್ವಜ ಸಂಹಿತೆಗೆ 2021ರ ಕೊನೆಯಲ್ಲಿ ತಂದ ತಿದ್ದುಪಡಿ ಪಾಲಿಸ್ಟರ್ ಬಟ್ಟೆಯ ಹಾಗೂ ಯಂತ್ರದಲ್ಲಿ ತಯಾರಿಸಿದ ಧ್ವಜಗಳಿಗೂ ಅನುಮತಿ ನೀಡಿತು. ಪೇಟೆಯಲ್ಲಿ ಬಗೆಬಗೆಯ ಕೇಸರಿಗಳು ಕಾಣಸಿಗುವ ಈ ಹೊತ್ತಿನಲ್ಲಿ ಆ ಅಂಕಿಗಳ ಬೆಲೆ ಇನ್ನಷ್ಟು ಮನವರಿಕೆಯಾಗುತ್ತದೆ.

ಈ ಅಂಕಿಗಳನ್ನು ತೆರೆಗೆ ತಂದು ನೋಡಿದರೆ ಅಚ್ಚರಿಯೊಂದು ಕಾದಿದೆ. ಎಸ್‌ಆರ್‌ಜಿಬಿ ಲೆಕ್ಕಕ್ಕೆ ಬದಲಾಯಿಸಿದಾಗ ಮಾನಕದ ಕೇಸರಿ ಸುಮಾರು ಕೆಂಪು 215, ಹಸಿರು 87, ನೀಲಿ 55 ಆಗುತ್ತದೆ. ಅಂತರಜಾಲದ ಧ್ವಜಚಿತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಾದುದು 255, 153, 51. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ಕೆಂಪಿನ ಕಡೆ ವಾಲಿದ ಗಾಢ ಕಿತ್ತಳೆ, ಇನ್ನೊಂದು ಮಾವಿನ ಹಣ್ಣಿನ ತಿಳಿಬಣ್ಣ. ತೆರೆಯನ್ನು ನೋಡಿ ಬೆಳೆದ ಕಣ್ಣಿಗೆ ಅಧಿಕೃತ ಬಟ್ಟೆಯೇ 'ತಪ್ಪು' ಎನಿಸಿದರೆ ಆಶ್ಚರ್ಯವಿಲ್ಲ.

ಕಬ್ಬಿನ ಸೀಮೆಯಾದ ಮುಧೋಳ, ಜಮಖಂಡಿ, ಬೀಳಗಿ ತಾಲ್ಲೂಕುಗಳ ಜನರಿಗೆ ಇನ್ನೊಂದು ನಿದರ್ಶನ ಹತ್ತಿರದ್ದು. ಸಕ್ಕರೆಯ ಬಿಳುಪನ್ನು ಯಾರೂ 'ಚೆನ್ನಾಗಿದೆ' ಎಂದಷ್ಟೇ ಹೇಳಿ ಮಾರುವುದಿಲ್ಲ. ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆ ಸಿದ್ಧಪಡಿಸುವ ಮಾದರಿ ಸೀಸೆಗಳೊಡನೆ ಕಾರ್ಖಾನೆಗಳು ತಮ್ಮ ಸಕ್ಕರೆಯನ್ನು ಹೋಲಿಸಿ ದರ್ಜೆ ನಿಗದಿಪಡಿಸುತ್ತವೆ. ಪ್ರಯೋಗಾಲಯದಲ್ಲಿ ಸಕ್ಕರೆಯ ದ್ರಾವಣದ ಮೂಲಕ 420 ನ್ಯಾನೋಮೀಟರ್ ತರಂಗದ ಬೆಳಕನ್ನು ಹಾಯಿಸಿ 'ಇಕುಮ್ಸಾ' ಅಂಕಿಯನ್ನು ಅಳೆಯುವ ಪದ್ಧತಿಯೂ ಇದೆ. ಕೊಳ್ಳುವವರು ಸರಕನ್ನು ಕಣ್ಣಾರೆ ನೋಡದೆಯೇ ಒಪ್ಪಂದ ಮಾಡಿಕೊಳ್ಳುವುದು ಈ ಅಂಕಿಯ ಬಲದಿಂದ. ಸಕ್ಕರೆಗೆ ಸಿಕ್ಕ ಈ ಸೌಕರ್ಯ ಸೀರೆಗೆ ಇನ್ನೂ ಸಿಕ್ಕಿಲ್ಲ.

ಸಣ್ಣ ಡಿಟಿಪಿ ಕೇಂದ್ರ ಏನು ಮಾಡಬಹುದು?

ಮಾನಿಟರಿನ ಬಣ್ಣ ಅಳೆದು ಪ್ರೊಫೈಲ್ ತಯಾರಿಸುವ ಕೈಯಗಲದ ಸಾಧನ ಈಗ ಸಾಧಾರಣ ಲೇಸರ್ ಪ್ರಿಂಟರಿಗಿಂತ ಬಹಳ ದುಬಾರಿಯೇನಲ್ಲ. ಅದನ್ನು ದಿನವೂ ಬಳಸಬೇಕಾಗಿಲ್ಲ. ಒಂದು ಪಟ್ಟಣದ ನಾಲ್ಕಾರು ಕೇಂದ್ರಗಳು ಸೇರಿ ಒಂದನ್ನು ಕೊಂಡು, ತಿಂಗಳಿಗೊಮ್ಮೆ ಸರದಿಯಂತೆ ಬಳಸಿದರೂ ಸಾಕು. ಅದಿಲ್ಲದಿದ್ದರೂ ಖರ್ಚಿಲ್ಲದ ಕೆಲವು ಕ್ರಮಗಳಿವೆ. ಕ್ಯಾಮೆರಾ ಮತ್ತು ತಂತ್ರಾಂಶ ಎರಡನ್ನೂ ಎಸ್‌ಆರ್‌ಜಿಬಿಗೆ ಹೊಂದಿಸುವುದು; ಕಡತ ಉಳಿಸುವಾಗ ಪ್ರೊಫೈಲ್ ಹುದುಗಿಸುವ ಆಯ್ಕೆಯನ್ನು ಬಿಡದಿರುವುದು; ಚಿತ್ರವನ್ನು ಮೊಬೈಲ್ ಸಂದೇಶವಾಗಿ ಕಳುಹಿಸದೆ ಇ-ಮೇಲ್ ಮೂಲಕ ಮೂಲ ಕಡತವಾಗಿಯೇ ಕಳುಹಿಸುವುದು. ನಾಲ್ಕು ಶಾಯಿಗಳಿಗೆ ಪರಿವರ್ತಿಸುವ ಮುನ್ನ ಯಾವ ಕಾಗದ, ಯಾವ ಪ್ರೊಫೈಲ್ ಎಂದು ಮುದ್ರಣಾಲಯವನ್ನು ಕೇಳಬೇಕು. ಉತ್ತರ ಬಾರದಿದ್ದರೆ ಅದೂ ಒಂದು ಉತ್ತರವೇ: ಅಲ್ಲಿ ಮೊದಲ ಹಾಳೆಯನ್ನು ಖುದ್ದಾಗಿ ನೋಡದೆ ಒಪ್ಪಿಗೆ ಕೊಡಬಾರದು.

ಇದಕ್ಕಿಂತ ಮುಖ್ಯವಾದುದು ಬೆಳಕು. ಸೀರೆ ಕೊಳ್ಳುವ ಹೆಂಗಸರು ಅದನ್ನು ಅಂಗಡಿಯ ಬಾಗಿಲಾಚೆ ಹಿಡಿದು ಬಿಸಿಲಿನಲ್ಲಿ ನೋಡುವುದು ಹಠಮಾರಿತನವಲ್ಲ, ಅಪ್ಪಟ ವಿಜ್ಞಾನ. ಬೇರೆ ಬೇರೆ ರಾಸಾಯನಿಕಗಳಿಂದ ಬಣ್ಣ ಪಡೆದ ಎರಡು ನೂಲುಗಳು ಟ್ಯೂಬ್‌ಲೈಟಿನಡಿ ಒಂದೇ ಆಗಿ ಕಂಡು ಹಗಲಿನಲ್ಲಿ ಬೇರೆಯಾಗಬಲ್ಲವು. ವರ್ಣಶಾಸ್ತ್ರದಲ್ಲಿ ಇದಕ್ಕೆ 'ಮೆಟಾಮೆರಿಸಂ' ಎಂದು ಹೆಸರು. ಮುದ್ರಣಲೋಕ 5000 ಕೆಲ್ವಿನ್ ಬೆಳಕನ್ನು ಪ್ರಮಾಣವೆಂದು ಒಪ್ಪಿಕೊಂಡು ಹಾಳೆಗಳನ್ನು ಅದರಡಿಯಲ್ಲೇ ಪರಿಶೀಲಿಸುವುದು ಈ ಕಾರಣಕ್ಕೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾಗಿ ಮಡಿಕೆ ಮಡಿಕೆಗೂ ಛಾಯೆ ಬದಲಿಸುವ ಸೀರೆಯನ್ನಂತೂ ಯಾವ ಪ್ರೊಫೈಲ್ ಕೂಡ ಒಂದೇ ಚಿತ್ರದಲ್ಲಿ ಹಿಡಿದಿಡಲಾರದು. ಅಂಥದಕ್ಕೆ ಎರಡು ಕೋನಗಳಿಂದ ಎರಡು ಚಿತ್ರ ಹಾಕುವುದೇ ಪ್ರಾಮಾಣಿಕ ದಾರಿ.

ಫೋಟೊ ತೆಗೆಯುವಾಗ ಸೀರೆಯ ಪಕ್ಕದಲ್ಲಿ ಬೂದು ಬಣ್ಣದ ಪ್ರಮಾಣಪಟ್ಟಿಯೊಂದನ್ನು ಇಟ್ಟು ಒಂದು ಚಿತ್ರ ಹೆಚ್ಚಿಗೆ ತೆಗೆದುಕೊಂಡರೆ, ಮುಂದೆ ಯಾವ ಗಣಕದಲ್ಲಿ ತೆರೆದರೂ ಬಣ್ಣದ ವಾಲಿಕೆಯನ್ನು ಆ ಬೂದಿನ ಆಧಾರದ ಮೇಲೆ ತಿದ್ದಬಹುದು. ಬಣ್ಣಗಾರರು ನೂಲಿನ ನಮೂನೆ ಇಟ್ಟುಕೊಳ್ಳುವಂತೆ, ಕ್ಯಾಟಲಾಗಿನ ಕಡತದ ಜೊತೆಗೆ ಸೀರೆಯ ಅಂಚಿನ ತುಂಡೊಂದನ್ನು ಲಕೋಟೆಯಲ್ಲಿಟ್ಟು ಮುದ್ರಣಾಲಯಕ್ಕೆ ಕಳುಹಿಸುವುದು ಇನ್ನೂ ಸುರಕ್ಷಿತ. ಮೊದಲ ಹಾಳೆಯನ್ನು ಹಗಲ ಬೆಳಕಿನಲ್ಲಿ ಆ ತುಂಡಿನೊಡನೆ ಹೋಲಿಸಿ ನೋಡಿದ ಬಳಿಕವೇ ಯಂತ್ರ ಓಡಿಸಬೇಕೆಂಬ ಷರತ್ತನ್ನು ಆದೇಶಪತ್ರದಲ್ಲಿಯೇ ಬರೆದುಕೊಡಬಹುದಾಗಿದೆ.